ಸತ್ತವರ ಸಾಲಿನಲ್ಲಿ ಮಲಕಪ್ಪ

ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಗಂಡನ ಹೆಸರನ್ನು ಸತ್ತವರ ಪ್ರಾರ್ಥನೆಯಲ್ಲಿ ಕೇಳಿಸಿಕೊಂಡ ಹೆಂಗಸನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಕೈಯಲ್ಲಿದ್ದ ಪರಾತ ಠಣ್ಣನೆ ಬಿದ್ದು, ಹಸನು ಮಾಡುತ್ತಿದ್ದ ಅಕ್ಕಿಯೆಲ್ಲ ನೆಲದ ತುಂಬ ಚೆಲ್ಲಿತು. ಅದನ್ನು ಬಳಿದುಕೊಳ್ಳುವ ಎಚ್ಚರವೂ ಇಲ್ಲದೆ ಲಕ್ಷ್ಮವ್ವ ನನ್ನ ಬಾಗಿಲಿಗೆ ಓಡಿ ಬಂದಳು. ಹಣೆಯ ಮೇಲೆ ರೂಪಾಯಿ ಅಗಲದ ಕುಂಕುಮ, ಅದರ ಕೆಳಗೆ ಸುಣ್ಣ ಬಳಿದಂಥ ಮುಖ.

"ಅಕ್ಕಾರ, ಆ ಮುದುಕಿ ನಮ್ಮವರನ್ನ ಸಾಯಿಸಿ ಬಿಟ್ಟಾಳ್ರಿ!"

ಒಲೆ ಆರಿಸಿ, ಅವಳ ರಟ್ಟೆ ಹಿಡಿದು ಕೂರಿಸಿದೆ.

ನಾವು ಧಾರವಾಡದವರು. ಯಜಮಾನರಿಗೆ ಪಣಜಿಯಲ್ಲಿ ವಿಮಾ ಕಚೇರಿಯ ಕೆಲಸ. ರಾಯಬಂದರದಲ್ಲಿ ಕ್ಲೊತಿಲ್ದಾಬಾಯಿ ಎಂಬ ಕ್ರಿಶ್ಚಿಯನ್ ಮುದುಕಿಯ ಹಳೆಯ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಮುಂಭಾಗದಲ್ಲಿ ಅವರೊಬ್ಬರೇ. ಅವರಿಗೆ ಮೊಣಕಾಲು ನೋವು, ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಇಬ್ಬರ ಮನೆಯಲ್ಲೂ ಕೆಲಸದ ಹೆಂಗಸರು ನಿಲ್ಲುತ್ತಿರಲಿಲ್ಲ. ಎರಡು ಸಾವಿರದ ಒಂಬತ್ತರ ಮಳೆಗಾಲದ ಹೊತ್ತಿಗೆ ಲಕ್ಷ್ಮವ್ವ ಬಂದಳು. ಚಿಂಬಲ್ಲಿನ ಗುಡ್ಡದಿಂದ ಇಳಿದು ಬರುವವಳು, ಸಿಂದಗಿ ಕಡೆಯ ಹೆಣ್ಣುಮಗಳು. ನಾನು ಒಂದು ಅಂದರೆ ಅವಳು ಎರಡು ಅನ್ನುವವಳು. ಹಾಗಾಗಿಯೇ ನಿಂತಳೋ ಏನೋ.

ಬಾಯಿಯವರ ಬಳಿ ದಪ್ಪನೆಯ ಒಂದು ಪ್ರಾರ್ಥನೆಯ ಪುಸ್ತಕವಿತ್ತು. ದಿನಕ್ಕೊಂದು ಪುಟ: ಯೇಸುವಿನ ಕಥೆಯ ನಾಲ್ಕು ಸಾಲು, ಆಮೇಲೆ ಅದರ ಮೇಲೊಂದು ವಿಚಾರ, ಕೆಳಗೆ ಮರುದಿನ ಪಾಲಿಸಬೇಕಾದ ಒಂದು ನಿರ್ಧಾರ. ಸಂಜೆ ಚರ್ಚಿನ ಗಂಟೆ ಬಾರಿಸಿದ ಕೂಡಲೇ ದೇವರ ಗೂಡಿನ ಮುಂದೆ ಮೇಣದ ಬತ್ತಿ ಹಚ್ಚಿ, ಆ ಪುಟವನ್ನು ಕೊಂಕಣಿಯಲ್ಲಿ ಗಟ್ಟಿಯಾಗಿ ಓದುವರು. 'ನಾಳೆ ಯಾರ ಮೇಲೂ ರೇಗುವುದಿಲ್ಲ' ಎಂಬ ನಿರ್ಧಾರ ಬಂದರೆ, ಮರುದಿನ ಮೀನಿನವಳು ಬುಟ್ಟಿ ಇಳಿಸುವ ಮೊದಲೇ ಅದು ಮುರಿದು ಬೀಳುತ್ತಿತ್ತು. ಸಂಜೆ ಮತ್ತೆ ಪುಸ್ತಕದ ಮುಂದೆ ಕೂತು ತಪ್ಪಾಯಿತು ಎನ್ನುವರು. ಒಂದು ಪ್ರಾರ್ಥನೆಯಲ್ಲಿ, ನಮ್ಮ ತಪ್ಪು ಮನ್ನಿಸು ಎಂಬ ಮಾತಿನ ಹತ್ತಿರ ಮಾತ್ರ ಅವರ ದನಿ ಯಾವಾಗಲೂ ನಿಲ್ಲುತ್ತಿತ್ತು. ವಯಸ್ಸಾಯಿತು, ಉಸಿರು ಸಾಲದು ಎಂದುಕೊಂಡಿದ್ದೆ.

ಲಕ್ಷ್ಮವ್ವ ಹೊಸ್ತಿಲ ಹೊರಗೆ ಅಕ್ಕಿಯನ್ನೋ ಬೆಳ್ಳುಳ್ಳಿಯನ್ನೋ ಹಿಡಿದು ಕೂತು ಎಲ್ಲ ಕೇಳುವಳು. ಚಿಂಬಲ್ಲಿನ ನಳದ ಸಾಲಿನಲ್ಲಿ ಜಗಳಾಡಿ ಕಲಿತ ಕೊಂಕಣಿ ಅವಳದು. ಮರುದಿನ ಬೆಳಿಗ್ಗೆ ನನ್ನ ಪಾತ್ರೆ ತಿಕ್ಕುತ್ತ ವರದಿ ಒಪ್ಪಿಸುವಳು.

"ಅಕ್ಕಾರ, ನಿನ್ನಿ ಬುಕ್ಕಿನ್ಯಾಗ ಏನ್ ಬಂದಿತ್ತು ಗೊತ್ತೇನ್ರಿ? ಸಿಟ್ಟು ಬಂದಾಗ ಮೊದಲನೇ ಮಾತು ನುಂಗಬೇಕಂತ, ಎರಡನೇದ್ದು ಆಡಬೇಕಂತ."

"ಯಾರಿಗೆ ಹೇಳಾಕತ್ತಿ ಇದನ್ನ?"

"ನಾ ಯಾರಿಗೆ ಹೇಳ್ಲಿ ಬಿಡ್ರಿ. ಬುಕ್ಕಿನ್ಯಾಗ ಬಂದಿತ್ತು."

ಹೀಗೆ ಎಲ್ಲದರಲ್ಲೂ ಜೋರು. ಗಂಡನ ಮಾತು ಬಂದರೆ ಮಾತ್ರ ಮುಖ ಗಂಟು. ಅವನು ವೆರ್ಣಾದ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಕಂಪನಿ ಬಸ್ಸಿನಲ್ಲಿ. ಕುಡಿಯುವವನಲ್ಲ, ಹೊಡೆಯುವವನಲ್ಲ. ಆದರೆ ಬಲ್ಬು ಹಾಕಲು ಸ್ಟೂಲು ಕೂಡ ಹತ್ತಲಾರ ಎಂದು ಇವಳು ಹಂಗಿಸುವಳು. ಒಂದು ದಿನ ನಾನೇ ಕೆದಕಿ ಕೇಳಿದೆ, ಅಂಥ ಒಳ್ಳೆಯವನ ಮೇಲೆ ನಿನಗೇನು ಸಿಟ್ಟು ಎಂದು.

ಅವಳಿಗೊಬ್ಬ ತಮ್ಮನಿದ್ದ, ಹೀರಪ್ಪ. ಅಪ್ಪ ಸತ್ತ ಮೇಲೆ ಇವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು. ಅವಳ ಗಂಡನೂ ಅದೇ ಓಣಿಯವನು; ಅಕ್ಕನ ಗಂಡನಾದ ಮೇಲೂ ಹುಡುಗ ಅವನನ್ನು ಮಾಮಾ ಎನ್ನದೆ ಬರೀ ಹೆಸರು ಹಿಡಿದು ಕರೆಯುತ್ತಿದ್ದನಂತೆ. "ನನ್ನ ಬಾಯಾಗ ಬರಬಾರದ ಹೆಸರು, ಅಂವ ಓಣಿ ತುಂಬ ಒದರತಿದ್ದಾರಿ." ಗೋವಾದಲ್ಲಿ ಗೌಂಡಿ ಕೆಲಸ ಚಲೋ ಇದೆಯೆಂದು ಗಂಡ ಅವನನ್ನು ಕರೆದುಕೊಂಡು ಹೋದ. ಬಾಣಂತಿ ಲಕ್ಷ್ಮವ್ವ ಊರಿನಲ್ಲೇ ಉಳಿದಳು. ಒಂದು ವರ್ಷ ತುಂಬುವ ಮೊದಲೇ ತಾಡಪಾಲು ಹೊದಿಸಿದ ಹೀರಪ್ಪ ಟೆಂಪೋದಲ್ಲಿ ವಾಪಸು ಬಂದ. ಯಾರದೋ ಮನೆಯ ಮಾಳಿಗೆಯಿಂದ ಬಿದ್ದನಂತೆ. ಅವ್ವ ಅಳಿಯನ ಮುಖಕ್ಕೆ ಮಣ್ಣು ತೂರಿದಳು. ಆಮೇಲೆ ಅವನು ಅತ್ತೆಯ ಹೊಸ್ತಿಲು ತುಳಿದಿಲ್ಲ.

"ನಾ ಕೇಳಿದೆ ರೀ, ನನ್ನ ತಮ್ಮನ್ನ ಮ್ಯಾಲ ಹತ್ತಿಸಿದಾಂವ ನೀನೇನು ಅಂತ. ಬಾಯಿ ಬಿಡಲಿಲ್ಲ. ಎಂಟು ವರ್ಷ ಆತು. ಹೊಟ್ಟಿಗೆ ಹಾಕ್ತೀನಿ, ಅರಿವಿ ಒಗದು ಕೊಡ್ತೀನಿ. ಮಾತು ಮಾತ್ರ ಕೇಳಬ್ಯಾಡ್ರಿ."

ಮುಂದೆ ಕೆದಕದೆ ಅವಳಿಗೊಂದು ಲೋಟ ಚಹಾ ಕೊಟ್ಟೆ. ನಾನು ಕೆದಕದೆ ಬಿಡುವುದು ಅಪರೂಪ.

ಇಷ್ಟು ಗೊತ್ತಿದ್ದರೆ ಆ ಸಂಜೆಯ ಸಂಗತಿ ತಿಳಿಯುತ್ತದೆ. ನವೆಂಬರ್ ಕ್ರಿಶ್ಚಿಯನ್ನರಿಗೆ ಸತ್ತವರ ತಿಂಗಳು. ಎರಡನೇ ತಾರೀಕಿನಿಂದ ತಿಂಗಳಿಡೀ, ಪುಟ ಓದಿ ಜಪಮಾಲೆ ಮುಗಿಸಿ, ತಮ್ಮ ಮನೆಯಲ್ಲಿ ತೀರಿಕೊಂಡ ಒಬ್ಬೊಬ್ಬರ ಹೆಸರು ಹೇಳಿ ಅವರ ಆತ್ಮಕ್ಕೆ ಶಾಂತಿ ಬೇಡುತ್ತಾರೆ. ಬಾಯಿಯವರು ತಂದೆ, ತಾಯಿ, ಗಂಡ, ಅಣ್ಣ ಎಲ್ಲರ ಹೆಸರನ್ನೂ ಹೇಳಿ, ಕೊನೆಗೆ "ಮಲಕಪ್ಪ" ಎಂದರಂತೆ.

ಲಕ್ಷ್ಮವ್ವನ ಗಂಡ ಮಲಕಪ್ಪ! ಬೆಳಿಗ್ಗೆ ರೊಟ್ಟಿ ಕಟ್ಟಿಸಿಕೊಂಡು ಬಸ್ಸು ಹತ್ತಿದವನು! ಗಂಡನ ಹೆಸರು ಹೇಳಬಾರದೆಂದು ಇವಳು ಈ ಮನೆಯಲ್ಲಿ ಎಂದೂ ಅದನ್ನು ಉಸುರಿದವಳೇ ಅಲ್ಲ. ಬಾಯಿಯವರಿಗೆ ಗೊತ್ತಾದದ್ದಾದರೂ ಹೇಗೆ?

"ಬ್ಯಾರೆ ಯಾರರ ಇರಬೇಕು ತಗೋ," ಎಂದೆ, ನನಗೇ ನಂಬಿಕೆಯಿಲ್ಲದೆ. ಪೋರ್ಚುಗೀಸ್ ಹೆಸರುಗಳ ನಡುವೆ ಬೇರೆ ಮಲಕಪ್ಪ ಎಲ್ಲಿಂದ ಬರಬೇಕು, ನನ್ನ ತಲೆ!

"ಜೀವಂತ ಇದ್ದಾಂವಗ ದಿನಾ ಹಿಂಗ ಅಂದ್ರ ಅಂವ ಉಳದಾನೇನ್ರಿ? ನಾ ಸಿಟ್ಟು ಮಾಡೀನಿ, ಖರೇ. ಸಾಯಲಿ ಅಂದಿಲ್ರಿ ಅಕ್ಕಾರ." ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡು ಅತ್ತಳು. "ಆ ಹೆಸರು ತಗಸ್ರಿ. ನಿಮಗ ಕೈ ಮುಗೀತೀನಿ, ತಗಸ್ರಿ."

ಮರುದಿನ ಬೆಳಿಗ್ಗೆ ನಾನು ಸೆರಗು ಸಿಕ್ಕಿಸಿಕೊಂಡು ಮುಂಬಾಗಿಲಿಗೆ ಹೋದೆ. ಹಿಂದೆ ಲಕ್ಷ್ಮವ್ವ. ಮುದುಕಿಯಾದರೇನು, ಜೀವಂತ ಮನುಷ್ಯನಿಗೆ ಪಿಂಡ ಇಡುವುದೆಂದರೆ ಹುಡುಗಾಟವೇ? ಪೀಠಿಕೆಯಿಲ್ಲದೆ ಕೇಳಿಯೇಬಿಟ್ಟೆ, ಬಾಯಿ, ನೀವು ಪ್ರಾರ್ಥಿಸುವ ಮಲಕಪ್ಪ ಯಾರು?

ಬಾಯಿಯವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಾನು ಕೊಂದವನು," ಎಂದರು ಕೊಂಕಣಿಯಲ್ಲಿ.

ಅಯ್ಯೋ ದೇವರೇ!

"ಎಂಟು ವರ್ಷದ ಹಿಂದೆ, ದೀಪಾವಳಿ ಹತ್ತಿರ ಬಂದರೂ ಮಳೆ ಬಿಟ್ಟಿರಲಿಲ್ಲ," ಎಂದು ಅವರು ಹೇಳತೊಡಗಿದರು. "ಸಂಜೆ ಸಾಯಬೀಣ್ ನಮ್ಮ ಮನೆಗೆ ಬರುವ ಸರದಿ." ಮೇರಿ ಮಾತೆಯ ಮೂರ್ತಿ ಊರಿನಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ, ಒಂದೊಂದು ಮನೆಯಲ್ಲಿ ಒಂದೊಂದು ದಿನ ಇರುತ್ತದೆ, ಅದನ್ನೇ ಸಾಯಬೀಣ್ ಎನ್ನುವುದು. "ದೇವರ ಗೂಡಿನ ಮೇಲೆಯೇ ಹೆಂಚು ಸೋರುತ್ತಿತ್ತು. ಕಂತ್ರಾಟುದಾರ ಚಿಂಬಲ್ಲಿನಿಂದ ಇಬ್ಬರನ್ನು ಕಳಿಸಿದ. ದೊಡ್ಡವನು ನೋಡಿ, ಹೆಂಚು ಪಾಚಿಗಟ್ಟಿದೆ, ಇವತ್ತು ಬೇಡ ಎಂದ. ನಾನು ಕೂಗಾಡಿದೆ. ದೇವರ ತಾಯಿಯ ತಲೆಯ ಮೇಲೆ ನೀರು ಬೀಳಬೇಕೇ ಎಂದೆ. ಹಾಗಾದರೆ ಹಗ್ಗ ತರುತ್ತೇನೆ, ನಾನು ಬರುವವರೆಗೆ ಯಾರೂ ಹತ್ತಬಾರದು ಎಂದು ಹೇಳಿ ಹೋದ. ಅವನು ಗೇಟು ದಾಟಿದ್ದೇ ತಡ, ನಾನು ಚಿಕ್ಕವನಿಗೆ ಏಣಿ ತೋರಿಸಿದೆ. ಅವನು ನಗುತ್ತ ಹತ್ತಿದ."

ನನ್ನ ಹಿಂದೆ ಬಳೆಗಳ ಸದ್ದು ನಿಂತುಹೋಯಿತು.

"ನಾನು ಒಳಗೆ ಹೂ ಜೋಡಿಸುತ್ತಿದ್ದೆ. ಮಲಕಪ್ಪಾ ಎಂದು ಯಾರೋ ಚೀರಿದರು. ಆಮೇಲೆ ಹೆಂಚು ಒಡೆದ ಸದ್ದು. ದೊಡ್ಡವನು ತಿರುಗಿ ಬಂದು, ಬೀಳುವವನನ್ನು ಕಂಡು ಕೂಗಿದನೆಂದು ತಿಳಿದೆ. ಕಂತ್ರಾಟುದಾರ ಆ ಹುಡುಗನನ್ನು ಎತ್ತಿಸಿಕೊಂಡು ಹೋದ. ಸತ್ತ, ಇನ್ನು ಈ ಮಾತು ಎತ್ತಬೇಡಿ ಎಂದ. ನನ್ನ ಬಳಿ ಉಳಿದದ್ದು ಆ ಹೆಸರೊಂದೇ. ಅದನ್ನೇ ಹೇಳಿ ದೇವರ ಮುಂದೆ ಕ್ಷಮೆ ಬೇಡುತ್ತೇನೆ."

ಲಕ್ಷ್ಮವ್ವ ನನ್ನನ್ನು ಸರಿಸಿ ಮುಂದೆ ಬಂದಳು. ಅಷ್ಟು ದಿನ ದಾಟದ ಹೊಸ್ತಿಲನ್ನು ದಾಟಿದಳು.

"ಬಿದ್ದಾಂವನ ಕಿವ್ಯಾಗ ಮುರುವು ಇದ್ದುವೇನು?" ಕನ್ನಡದಲ್ಲೇ ಕೇಳಿ, ತನ್ನ ಕಿವಿ ಮುಟ್ಟಿ ತೋರಿಸಿದಳು.

ಬಾಯಿಯವರು ಹೌದೆಂದು ತಲೆಯಾಡಿಸಿದರು.

"ಅಂವ ಹೀರಪ್ಪ," ಎಂದಳು. "ನನ್ನ ತಮ್ಮ."

ಹಾಗಾದರೆ ಮಲಕಪ್ಪಾ ಎಂದು ಚೀರಿದವನು ಬೀಳುತ್ತಿದ್ದ ಹುಡುಗನೇ. ಮಾಮಾ ಎನ್ನದೆ ಓಣಿ ತುಂಬ ಒದರುತ್ತಿದ್ದ ಹೆಸರನ್ನೇ ಕೊನೆಗೂ ಒದರಿದ್ದ. ಈ ಮುದುಕಿ ಅದನ್ನು ಹಿಡಿದುಕೊಂಡು ಎಂಟು ವರ್ಷ ಬದುಕಿರುವವನಿಗೆ ಸದ್ಗತಿ ಬೇಡಿದ್ದರು, ಸತ್ತವನ ಹೆಸರು ಈ ಗೂಡಿನ ಮುಂದೆ ಒಮ್ಮೆಯೂ ಬಂದಿರಲಿಲ್ಲ. ನಾನು ತೊದಲುತ್ತ ಕೊಂಕಣಿಯಲ್ಲಿ ಬಿಡಿಸಿ ಹೇಳಿದೆ. ಬಾಯಿಯವರು ನೋಯುವ ಮೊಣಕಾಲನ್ನೇ ನೆಲಕ್ಕೆ ಊರಿ, ಲಕ್ಷ್ಮವ್ವನ ಮುಂದೆ ಎರಡೂ ಕೈ ಜೋಡಿಸಿದರು.

ಲಕ್ಷ್ಮವ್ವ ಅವರನ್ನು ಎತ್ತಲೂ ಇಲ್ಲ, ಬೈಯಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಗುಡ್ಡ ಹತ್ತಿ ಹೊರಟುಹೋದಳು.

ಆಮೇಲೆ ಮೂರ್ನಾಲ್ಕು ದಿನ ಅವಳ ಸುಳಿವಿಲ್ಲ. ಇತ್ತ ಬಾಯಿಯವರು ಪುಸ್ತಕ ಮುಟ್ಟಲಿಲ್ಲ. ಚರ್ಚಿನ ಗಂಟೆ ಬಾರಿಸಿದರೂ ಮುಂಭಾಗದಿಂದ ಸದ್ದೇ ಬಾರದು. ನಾನು ಗಂಜಿ ಕೊಂಡೊಯ್ದರೆ, "ಯಾವ ಬಾಯಲ್ಲಿ ಪ್ರಾರ್ಥಿಸಲಿ? ಸತ್ತವನ ಹೆಸರು ಕೂಡ ನಾನು ಕೇಳಲಿಲ್ಲ," ಎನ್ನುವರು. ನನಗೆ ಅವರ ಮೇಲೂ ಸಿಟ್ಟು, ಲಕ್ಷ್ಮವ್ವನ ಮೇಲೂ ಸಿಟ್ಟು, ಏನೂ ಮಾಡಲಾಗದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು.

ಶನಿವಾರ ಸಂಜೆ ಲಕ್ಷ್ಮವ್ವ ಬಂದಳು. ಮೊದಲು ನನ್ನ ಅಡಿಗೆಮನೆಗೆ ಬಂದು, ಗೋಡೆಗೆ ಒರಗಿ ಕೂತಳು.

"ಕೇಳಿದೆ ರೀ ನಮ್ಮವರನ್ನ. ನಾ ಕೆಲಸ ಮಾಡೂದು ಅದ ಮನ್ಯಾಗ ಅಂತ ಅವರಿಗೂ ಗೊತ್ತಿರಲಿಲ್ಲ. ಹತ್ತಬ್ಯಾಡ ಅಂದಾಂವ ನೀ, ಮತ್ತ ಯಾಕ ಬಾಯಿ ಮುಚ್ಚಿಕೊಂಡು ಕುಂತಿ ಅಂದೆ. ಏನಂದ್ರು ಗೊತ್ತೇನ್ರಿ? 'ಅಂವ ನನ್ನ ಹೆಸರು ಹಿಡಿದು ಕರದ. ನಾ ಹಗ್ಗ ಹಿಡಕೊಂಡು ರಸ್ತಾದ ಮ್ಯಾಲಿದ್ದೆ, ಕೇಳಿತು ನನಗ. ಓ ಅನ್ನೂದ್ರಾಗ ಬಿದ್ದಿದ್ದ. ನಾ ಅಲ್ಲ, ಮುದುಕಿ ಹತ್ತಿಸಿದ್ಲು ಅಂತ ಹೇಳಿ ನಾ ಉಳಕೋಬೇಕಿತ್ತೇನು?' ಇಷ್ಟ ಅಂದ್ರು. ಅಂದು ಸಣ್ಣ ಹುಡುಗರಂಗ ಅತ್ರು."

ಹೇಳುತ್ತ ಹೇಳುತ್ತ ಅವಳೂ ಅತ್ತಳು, ನಾನೂ ಅತ್ತೆ. ಅಷ್ಟರಲ್ಲಿ ಚರ್ಚಿನ ಗಂಟೆ ಬಾರಿಸಿತು. ಅವಳು ಮುಖ ಒರೆಸಿಕೊಂಡು ಎದ್ದಳು.

ಬಾಯಿಯವರು ಕತ್ತಲಲ್ಲೇ ಕೂತಿದ್ದರು. ಲಕ್ಷ್ಮವ್ವ ಒಳಗೆ ಹೋಗಿ, ತಾನೇ ಮೇಣದ ಬತ್ತಿ ಹಚ್ಚಿ, ಪುಸ್ತಕ ತಂದು ಅವರ ಮಡಿಲಲ್ಲಿಟ್ಟು, ಪಕ್ಕದಲ್ಲೇ ನೆಲದ ಮೇಲೆ ಕೂತಳು. ನಾನು ಹೊಸ್ತಿಲಲ್ಲಿ ನಿಂತೆ.

"ಓದ್ರಿ ಬಾಯಿ. ನಾ ಕ್ಷಮಾ ಮಾಡೀನೋ ಇಲ್ಲೋ ನನಗೂ ತಿಳೀವಲ್ದು. ನೀವು ಓದ್ರಿ ಮೊದಲ." ಮುದುಕಿಗೆ ಅರ್ಥವಾಗಲೆಂದು ಅದನ್ನೇ ಕೊಂಕಣಿಯಲ್ಲಿ ಇನ್ನೊಮ್ಮೆ ಹೇಳಿದಳು.

ಪುಟ ಓದಿದರು, ಜಪಮಾಲೆ ಮುಗಿಸಿದರು. ಸತ್ತವರ ಹೆಸರು ಒಂದೊಂದಾಗಿ ಬಂದು, ಕೊನೆಯ ಹೆಸರಿನ ಹತ್ತಿರ ಅವರ ದನಿ ನಿಂತಿತು.

"ಹೀರಪ್ಪ," ಎಂದಳು ಲಕ್ಷ್ಮವ್ವ.

"ಹೀರಪ್ಪ," ಎಂದರು ಬಾಯಿಯವರು. ಮತ್ತೊಮ್ಮೆ, ಇನ್ನೂ ಒಮ್ಮೆ, ನಾಲಗೆಗೆ ರೂಢಿಯಾಗುವವರೆಗೆ ಹೇಳಿದರು. ಆಮೇಲೆ ಅಂಜುತ್ತಲೇ ಕೇಳಿದರು, "ಹಾಗಾದರೆ ಆ ಇನ್ನೊಂದು ಹೆಸರನ್ನು ಬಿಟ್ಟುಬಿಡಲೇ?"

ಅದನ್ನು ತೆಗೆಸಿರೆಂದು ನನ್ನ ಮುಂದೆ ಕೈ ಮುಗಿದವಳು ಈಗ ಬೇಡವೆಂದು ತಲೆಯಾಡಿಸಿದಳು. "ಬಿಡಬ್ಯಾಡ್ರಿ. ಬದುಕಿದವರ ಸಲುವಾಗಿ ಬೇಡಿಕೋತೀರಲ್ಲ, ಅದರಾಗ ಹಾಕ್ರಿ. ಎಂಟು ವರ್ಷ ಈ ಮನ್ಯಾಗ ನೀವು ಅವರನ್ನ ಸತ್ತಾಂವ ಅಂದ್ರಿ. ನಮ್ಮ ಮನ್ಯಾಗ ನಾನೂ ಹಂಗ ನಡಸೀನಿ."

ಬಾಯಿಯವರು ಪುಟ ಮಗುಚಿದರು. ಬದುಕಿರುವವರ ಪ್ರಾರ್ಥನೆ ಶುರು ಮಾಡಿ, ಹೆಸರು ಬರಬೇಕಾದಲ್ಲಿ ಲಕ್ಷ್ಮವ್ವನ ಮುಖ ನೋಡಿದರು. ಆ ಹೆಸರು ಅವರಿಗೆ ಗೊತ್ತಿರಲಿಲ್ಲವೇ? ಆದರೂ ಅವಳೇ ಹೇಳಲಿ ಎಂದು ಕಾದರು. ಮದುವೆಯ ದಿನ ಒಡಪು ಹಾಕಿ ಹೇಳಿದ್ದು ಬಿಟ್ಟರೆ ಅವಳ ಬಾಯಲ್ಲಿ ಎಂದೂ ಬಾರದ ಹೆಸರು ಅದು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಅವಳು ಗಟ್ಟಿಯಾಗಿ ಹೇಳಿದಳು.

"ಮಲಕಪ್ಪ."

"ಓ!"

ನಾನು ಬೆಚ್ಚಿಬಿದ್ದು ತಿರುಗಿದೆ. ಗೇಟಿನ ಹೊರಗೆ, ಕಂಪನಿ ಬಸ್ಸಿನಿಂದ ಇಳಿದು ಬಂದವನು ಊಟದ ಡಬ್ಬಿ ಹಿಡಿದು ನಿಂತಿದ್ದ.

"ಓ, ಬಂದೆ," ಎನ್ನುತ್ತ ಮಲಕಪ್ಪ ಗೇಟು ತೆಗೆದು ಒಳಗೆ ಬಂದ.