ಆಯುಧಪೂಜೆಯ ದಿನ ನಾನೆಳೆದ ಕೆಂಪು ಗೆರೆ

ಆ ಗೆರೆಗಳನ್ನು ಎಳೆದವಳು ನಾನು. ನನ್ನ ಮೈದುನ ಮಾದೇಶನಲ್ಲ, ನನ್ನ ಗಂಡನೂ ಅಲ್ಲ — ನಾನು. ನಮ್ಮ ದೋಣಿಯ ಮೋಟಾರು ಕಳಚಿ ಹೊಳೆಗೆ ಬಿದ್ದದ್ದು ನನ್ನಿಂದ. ಅದಕ್ಕಾಗಿ ಮಾದೇಶ ಬೈಸಿಕೊಳ್ಳುತ್ತಿದ್ದಾಗ ಅಡುಗೆಮನೆ ಬಾಗಿಲ ಹಿಂದೆ ತೆಪ್ಪಗೆ ನಿಂತಿದ್ದವಳೂ ನಾನೇ.

ಯಳಂದೂರಿನಿಂದ ಸತ್ತೇಗಾಲಕ್ಕೆ ಸೊಸೆಯಾಗಿ ಬಂದವಳು ನಾನು. ನಮ್ಮವರು ಮತ್ತು ಅವರ ತಮ್ಮ ಮಾದೇಶ ಸೇರಿ ಒಂದು ಚಿಕ್ಕ ಫೈಬರ್ ದೋಣಿ ಇಟ್ಟುಕೊಂಡು, ಕಾವೇರಿಯ ಆಚೆ ದಡದ ತೋಟಗಳಿಗೆ ಆಳುಗಳನ್ನೂ, ಅಲ್ಲಿಂದ ಈಚೆಗೆ ತೆಂಗಿನಕಾಯಿಗಳನ್ನೂ ದಾಟಿಸುತ್ತಿದ್ದರು. ಹಿಂಬದಿ ಹಲಗೆಗೆ ಬೋಲ್ಟು ಹಾಕಿ ಬಿಗಿದ ಮೋಟಾರು. ಅದರ ನಡುಕಕ್ಕೆ ನಟ್ಟುಗಳು ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ದಿನಾ ಚೂರುಚೂರೇ ತಿರುಗಿ ಸಡಿಲವಾಗುತ್ತವೆ. ಅದಕ್ಕೆ ನಮ್ಮವರು ಒಂದು ಉಪಾಯ ಮಾಡಿದ್ದರು. ನಟ್ಟು ಬಿಗಿದ ಮೇಲೆ ಅದರ ನೆತ್ತಿಯಿಂದ ಪಕ್ಕದ ಕಬ್ಬಿಣದ ಪಟ್ಟಿಯವರೆಗೆ ಬಿಳಿ ಬಣ್ಣದಲ್ಲಿ ಒಂದೇ ನೇರ ಗೆರೆ. ನಟ್ಟು ತಿರುಗಿತೋ, ಗೆರೆ ಮುರಿದು ಕಾಣುತ್ತದೆ. ಬೆಳಿಗ್ಗೆ ಮೋಟಾರು ಶುರು ಮಾಡುವ ಮೊದಲು ಗೆರೆ ನೋಡುವುದು, ಮುರಿದದ್ದನ್ನು ಬಿಗಿಯುವುದು ಮಾದೇಶನ ಕೆಲಸ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಆ ಗೆರೆಗಳು ಏನೋ ಅಲಂಕಾರ ಎಂದುಕೊಂಡಿದ್ದೆ. ಕೇಳಬಹುದಿತ್ತು — ಕೇಳಲಿಲ್ಲ.

ಆಯುಧಪೂಜೆ ಬಂತು. ಗಂಡಸರು ಬಾಳೆಕಂದು, ಬೂದುಗುಂಬಳ ತರಲು ಕೊಳ್ಳೇಗಾಲಕ್ಕೆ ಹೋದರು. ದೋಣಿ ತೊಳೆಯುವ ಪಾಲು ನನ್ನದು. ನನಗೋ ತೊಳೆಯಲು ನಿಂತರೆ ಒಂದು ಹುಚ್ಚು; ತೊಳೆದದ್ದು ಹೊಸದರ ಹಾಗೆ ಕಾಣಬೇಕು. ಮೋಟಾರು ಉಜ್ಜುವಾಗ ನೋಡಿದೆ, ಎರಡು ನಟ್ಟುಗಳ ಗೆರೆ ಸೊಟ್ಟಗಿತ್ತು. ನಿದ್ದೆಗಣ್ಣಲ್ಲಿ ತೆಗೆದ ಬೈತಲೆಯ ಹಾಗೆ. ಈ ಗಂಡಸರಿಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬರಬಾರದೇ ಎಂದು ನಗುತ್ತಾ, ಸೀಮೆಎಣ್ಣೆ ಬಟ್ಟೆಯಿಂದ ಎಲ್ಲ ಗೆರೆಗಳನ್ನೂ ಒರೆಸಿ ಹಾಕಿದೆ. ಮನೆಗೆ ಹೋಗಿ ನನ್ನ ನೇಲ್ ಪಾಲಿಶ್ ತಂದೆ. ಒಂದೊಂದು ನಟ್ಟಿಗೂ ಕೆಂಪನೆಯ ಗೆರೆ ಎಳೆದೆ. ಎಷ್ಟು ನೆಟ್ಟಗೆ ಎಳೆದಿದ್ದೆ ಎಂದರೆ — ನನಗೇ ಹೆಮ್ಮೆಯಾಗಿತ್ತು.

ಸಂಜೆ ಪೂಜೆ ಮುಗಿಯುವಷ್ಟರಲ್ಲಿ ಮೋಟಾರಿನ ಮೈತುಂಬ ಕುಂಕುಮ. ಆ ಕೆಂಪಿನಲ್ಲಿ ನನ್ನ ಕೆಂಪನ್ನು ನಮ್ಮವರು ಗಮನಿಸಲೇ ಇಲ್ಲ. ಮಾರನೆಯ ಬೆಳಿಗ್ಗೆ ಮಾದೇಶ ಗೆರೆ ನೋಡಿದ. ಒಂದೂ ಮುರಿದಿರಲಿಲ್ಲ. ಗೆರೆಯ ಕೆಂಪು ಪೂಜೆಯ ಕುಂಕುಮದ್ದು ಎಂದುಕೊಂಡು ದೋಣಿ ಬಿಟ್ಟ. ನಡುಹೊಳೆಯಲ್ಲಿ ನಟ್ಟು ಕಳಚಿತು, ಮೋಟಾರು ವಾಲಿ ನೀರಿಗೆ ಬಿತ್ತು. ದೋಣಿಯಲ್ಲಿ ಕಳೆ ಕೀಳಲು ಹೊರಟ ಹೆಂಗಸರಿದ್ದರು. ಮೀನು ಹಿಡಿಯುವವರು ತೆಪ್ಪ ತಂದು ದೋಣಿಯನ್ನು ದಡಕ್ಕೆ ಎಳೆದರು; ಯಾರಿಗೂ ಏನೂ ಆಗಲಿಲ್ಲ, ನಮ್ಮ ದೇವರು ಮಾದಪ್ಪ ದೊಡ್ಡವನು.

ನಮ್ಮವರು ಅಂಗಳದಲ್ಲೇ ಶುರು ಮಾಡಿದರು. "ಗೆರೆ ನೋಡ್ಲಿಲ್ವೇನ್ಲಾ?"

"ನೋಡ್ದೆ ಕಣಣ್ಣ. ಎಲ್ಲಾ ನೆಟ್ಗಿದ್ವು."

"ನೆಟ್ಗಿದ್ಮೇಲೆ ನಟ್ಟು ಎಂಗ್ಲಾ ಕಳಚ್ಕತ್ತು? ಮಾಡೋದ್ ಮಾಡ್ಬುಟ್ಟು ಸುಳ್ ಬೇರೆ ಏಳ್ತೀಯಾ?"

ಆಗ ನನಗೆ ಗೆರೆಯ ಅರ್ಥ ಹೊಳೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೊರಗೆ ಹೋಗಿ ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೊಸ ಸೊಸೆ, ಅತ್ತೆ ಜಗಲಿಯಲ್ಲೇ ಕೂತಿದ್ದಾರೆ, ಊರಿನವರು ಬೇರೆ — ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆಯನ್ನು ನಾನು ವರ್ಷಗಟ್ಟಲೆ ಮುಂದೂಡಿದೆ.

ಮಾದೇಶ ದೋಣಿಯ ಕೆಲಸವನ್ನೇ ಬಿಟ್ಟ. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸಕ್ಕೆ ಸೇರಿದ, ಮದುವೆಯಾದ, ಸುಖವಾಗಿಯೇ ಇದ್ದ. ಹಬ್ಬಕ್ಕೆ ಬಂದರೆ ನನ್ನ ಕೈಯ ಬಸ್ಸಾರು ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದ. ಅವನದೊಂದು ಹೊಸ ಚಾಳಿ ಮಾತ್ರ ಇತ್ತು. ಬೀಗ ಹಾಕಿ ಹೊರಟವನು ತಿರುಗಿ ಬಂದು ಬೀಗ ಜಗ್ಗುವನು. ಬೀದಿಯ ಕೊನೆಯಿಂದ ಮತ್ತೆ ಬಂದು ಜಗ್ಗುವನು. ನಾವೆಲ್ಲ ನಗುತ್ತಿದ್ದೆವು. ನಾನೂ ನಗುತ್ತಿದ್ದೆ — ನೋಡಿ, ನನ್ನ ಬಾಯಿಗೆ ಏನು ಹೇಳಲಿ.

ಈ ವರ್ಷ ನಮ್ಮವರು ಎರಡನೆಯ ದೋಣಿ ತಂದರು. ಹಬ್ಬಕ್ಕೆ ಬಂದ ಮಾದೇಶ ಊಟಕ್ಕೆ ಕೂತಾಗ ಹಿಂಜರಿಯುತ್ತಲೇ ಕೇಳಿದ, "ಅಣ್ಣ, ಒಂದ್ ದೋಣಿ ನಾನ್ ನೋಡ್ಕಳ್ಲಾ?" ಹೊಳೆ ಬಿಟ್ಟವನಿಗೆ ಹೊಳೆಯದೇ ಕನಸಂತೆ.

ನಮ್ಮವರು ಮುದ್ದೆ ಮುರಿಯುತ್ತಾ ತಲೆಯೆತ್ತದೆ ಹೇಳಿದರು: "ಬ್ಯಾಡ ಕಣ್ಲಾ. ಜನ ಕೂರೋ ದೋಣಿ. ನೀನು ಕಣ್ಣಿಟ್ಟು ನೋಡೋನಲ್ಲ."

ಮಾದೇಶ ಎದುರಾಡಲಿಲ್ಲ. "ಅದೂ ಸರಿನೇ" ಎಂದ. ಆ 'ಸರಿನೇ' ಎಂಬ ಮಾತನ್ನು ನನ್ನಿಂದ ತಡೆಯಲಾಗಲಿಲ್ಲ. ಸೌಟು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ — ಸೀಮೆಎಣ್ಣೆ, ನೇಲ್ ಪಾಲಿಶ್, ಬಾಗಿಲ ಹಿಂದೆ ನಿಂತದ್ದು, ಎಲ್ಲ. ನಮ್ಮವರ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಾನು ಮಾದೇಶನ ಸಿಟ್ಟಿಗೆ ಕಾದೆ. ಅವನು ಸಿಟ್ಟಾಗಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದ:

"ಅಂಗಾರೆ ನಾನು ನೋಡಿದ್ದೆ, ಅಲ್ವಾ ಅತ್ಗೆ?"

ಅಷ್ಟೇ. ಅಷ್ಟು ವರ್ಷ ಅವನು ತನ್ನ ಕಣ್ಣನ್ನೇ ನಂಬಿರಲಿಲ್ಲ. ನೋಡಿದೆನೋ, ನೋಡಿದೆನೆಂದು ಅಂದುಕೊಂಡೆನೋ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದನಂತೆ. ನಾನು ಕಸಿದದ್ದು ದೋಣಿಯ ಕೆಲಸ ಒಂದನ್ನೇ ಎಂದು ತಿಳಿದಿದ್ದೆ. "ನೀನು ನೋಡಿದ್ದೆ ಕಣಪ್ಪ, ನೋಡಿದ್ದೆ" ಎಂದು ನಾನು ಅತ್ತುಬಿಟ್ಟೆ. ನಮ್ಮವರು ಕೈ ತೊಳೆದು ಬಂದು ತಮ್ಮನ ಪಕ್ಕ ಕೂತರು. "ನಾಳಿಂದ ಬಾರ್ಲಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಮಾತ್ರ ಹೊಳೆ ತಾವ ನೇಲ್ ಪಾಲಿಶ್ ತರ್ಬ್ಯಾಡ" ಎಂದರು.

ಆದರೂ ತಂದೇಬಿಟ್ಟೆ. ತರಿಸಿದವನು ಮಾದೇಶನೇ. ಅದು ನೀರಿಗೆ ಅಷ್ಟು ಬೇಗ ಹೋಗುವುದಿಲ್ಲವಂತೆ. ಈಗ ಒಂದು ನಟ್ಟಿನ ಮೇಲೆ ಇನ್ನೊಂದು ನಟ್ಟು, ಕೆಳಗೆ ಅವನ್ನು ತಿರುಗಗೊಡದ ಸ್ಪ್ರಿಂಗ್ ವಾಷರ್. "ನಾನ್ ಬಿಗಿದ್ಮೇಲೆ ನೀವೇ ಗೆರೆ ಆಕಿ ಅತ್ಗೆ" ಎಂದ. ನಾನು ಗೆರೆ ಎಳೆಯುವ ಮೊದಲು ಈಗ ಕೇಳುತ್ತೇನೆ, ಬಿಗಿದಾಯಿತೇ ಎಂದು. ಅವನ ಬಾಯಿಂದ ಹೂಂ ಬರದೆ ಕುಂಚ ಮುಟ್ಟುವುದಿಲ್ಲ.

ಅವನು ಮತ್ತೆ ದೋಣಿಗೆ ಬಂದ ಮೊದಲ ದಿನ ಬೆಳಿಗ್ಗೆ ದಡದಲ್ಲಿ ನಿಂತು ನೋಡಿದೆ. ಮಾದೇಶ ಬಗ್ಗಿ ಗೆರೆಗಳನ್ನು ಒಂದು ಸಲ ನೋಡಿದ. ಎದ್ದು ಹಗ್ಗ ಎಳೆದ, ಮೋಟಾರು ಹತ್ತಿಕೊಂಡಿತು. ಮತ್ತೆ ಬಗ್ಗುತ್ತಾನೇನೋ ಎಂದು ನಾನು ಕಾದೆ. ಬಗ್ಗಲಿಲ್ಲ. ಆಚೆ ದಡದ ಕಡೆ ಮುಖ ಮಾಡಿ ಹೊರಟುಹೋದ.