ಗಟ್ಟಿ ಬಟನ್ನಿನ ಪ್ಲೇಯರ್

ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ನಾನು ಎರಡನ್ನೂ ಚೆನ್ನಾಗಿ ಬಲ್ಲವನು, ನನಗೆ ಎರಡೂ ಬಂದವು. ರೋಗ ಬಂದದ್ದು ಒಂದು ಬೆಳಿಗ್ಗೆ, ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ, ಕಾಫಿ ಲೋಟ ಕೈಯಿಂದ ಜಾರಿದಾಗ. ಬಲಗೈ, ಬಲಗಾಲು, ಬಾಯಿಯ ಬಲಮೂಲೆ ಒಟ್ಟಿಗೆ ನನ್ನನ್ನು ಬಿಟ್ಟು ಹೋದವು. ಮಾತಂತೂ ಹೇಳದೆ ಕೇಳದೆ ಹೋಯಿತು. ಜಗಳ ಬಂದದ್ದು ಆಮೇಲೆ, ಒಂದು ಪ್ಲೇಯರಿನ ರೂಪದಲ್ಲಿ.

ನನ್ನ ಮಾತು ಅಂದರೆ ಸಾಮಾನ್ಯ ಮಾತಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಪಾಡಿಗೆ ಸೊಸೈಟಿಯಲ್ಲಿ ಕೆಲಸ. ಹೆಸರು ಮಾಡಿದ್ದು ತಾಳಮದ್ದಳೆಯಲ್ಲಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದು ಎದುರುಬದುರು ಕೂತು, ಭಾಗವತರು ಒಂದು ಪದ ಹಾಡಿದ ಮೇಲೆ ಪುರಾಣದ ಪಾತ್ರಗಳಾಗಿ ಆ ಕ್ಷಣಕ್ಕೆ ಹೊಳೆದದ್ದನ್ನು ವಾದಿಸುವುದು. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಎದುರಿಗೆ ಕೂತವನನ್ನು ಮಾತಿನಲ್ಲಿ ಕಟ್ಟಿಹಾಕಿ, ಅವನು ಶಾಲಿನ ತುದಿ ಹಿಂಡುತ್ತಾ ಭಾಗವತರ ಮುಖ ನೋಡುವಂತೆ ಮಾಡುವುದರಲ್ಲಿ ನನಗಿದ್ದ ಸುಖ ಬೇರೆ ಯಾವುದರಲ್ಲೂ ಇರಲಿಲ್ಲ. ಮನೆಯಲ್ಲಿಯೂ ನಾನು ಸೋತದ್ದಿಲ್ಲ. ಹೆಂಡತಿ ಒಂದು ವಾಕ್ಯ ಶುರು ಮಾಡುವಷ್ಟರಲ್ಲಿ ಅದಕ್ಕೆ ಉತ್ತರ, ಆ ಉತ್ತರಕ್ಕೆ ಅವಳು ಕೊಡಬಹುದಾದ ಉತ್ತರ, ಅದರ ಖಂಡನೆ ಎಲ್ಲವನ್ನೂ ಮುಗಿಸಿ ನಾನು ಚಪ್ಪಲಿ ಮೆಟ್ಟಿ ಹೊರಟಾಗಿರುತ್ತಿತ್ತು.

ಮಣಿಪಾಲದ ಆಸ್ಪತ್ರೆಯಲ್ಲಿ ನನಗೆ ಮಾತು ಕಲಿಸಲು ಬಂದವಳು ಒಬ್ಬ ಚಿಕ್ಕ ಹುಡುಗಿ. ಮುಖದ ಮುಂದೆ ಕನ್ನಡಿ ಹಿಡಿದು, “ಪ ಹೇಳಿ ಅಂಕಲ್” ಎಂದಳು. ಕರಾವಳಿಯ ಎಷ್ಟೋ ಅರ್ಥಧಾರಿಗಳ ಬಾಯಿ ಮುಚ್ಚಿಸಿದವನಿಗೆ ಪ ಹೇಳಿ ಅಂಕಲ್! ನಾನು ತುಟಿ ಕೂಡಿಸಿದೆ, ಜೊಲ್ಲು ಬಂತು, ಪ ಬರಲಿಲ್ಲ. ಅವಳು ಬಹಳ ಒಳ್ಳೆಯದಾಯಿತು ಎಂದು ಹೊಗಳಿದಳು. ಆ ಹೊಗಳಿಕೆಯಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಬಿಡುಗಡೆಯ ದಿನ, ಪಕ್ಕದ ಕೋಣೆಯಲ್ಲಿ ನನ್ನನ್ನು ಸರಳು ಹಿಡಿಸಿ ನಡೆಸುತ್ತಿದ್ದಾಗ, ಆ ಹುಡುಗಿ ಹೆಂಡತಿಗೆ ಮನೆಯಲ್ಲಿ ಏನೇನು ಮಾಡಬೇಕೆಂದು ವಿವರಿಸಿದಳಂತೆ. ಬಾಡಿಗೆ ಕಾರಿನಲ್ಲಿ ಹೆಂಡತಿ ನನಗೆ ವರದಿ ಒಪ್ಪಿಸಿದಳು. ದಿನಾಲೂ ಏನಾದರೂ ಕೇಳಬೇಕು, ಕೇಳಿದರೆ ಮಾತು ಬೇಗ ಮರಳುತ್ತದೆ. ಮೊಬೈಲು ಆಗುವುದಿಲ್ಲ, ಬೆರಳು ಪರದೆಯ ಮೇಲೆ ಜಾರುತ್ತದೆ, ನಡುವೆ ಫೋನು ಬರುತ್ತದೆ. ಬಟನ್ ಇರುವ ಸಣ್ಣ ಪ್ಲೇಯರ್ ತೆಗೆದುಕೊಂಡು ಬಲಬದಿಗೆ ಇಡಬೇಕು, ಆಗ ಬಿದ್ದ ಕೈಗೆ ಕೆಲಸವಾಗುತ್ತದೆ. ಇಷ್ಟು ಹೇಳಿದಳು. ಹೇಳದೆ ನುಂಗಿದ್ದು ಒಂದು ಇತ್ತು, ಅದು ನನಗೆ ಗೊತ್ತಾದದ್ದು ತಡವಾಗಿ.

ಕಾರನ್ನು ಉಡುಪಿಯ ಒಂದು ಅಂಗಡಿಯ ಮುಂದೆ ನಿಲ್ಲಿಸಿದಳು. ನಮ್ಮಲ್ಲಿ ಸಾಮಾನು ಆರಿಸುವವನು ನಾನು, ಅವಳು ಚೀಲ ಹಿಡಿಯುವವಳು. ಆದಿ ಉಡುಪಿಯ ಸಂತೆಯಲ್ಲಿ ಗುಳ್ಳ ಬದನೆಯ ತೊಟ್ಟು ಮುಟ್ಟಿ ಇದು ಮಟ್ಟು ಊರಿನದ್ದೋ ಅಲ್ಲವೋ ಎಂದು ತೀರ್ಪು ಕೊಡುವವನೂ ನಾನೇ. ಆ ದಿನ ನನ್ನನ್ನು ಒಂದು ಸ್ಟೂಲಿನ ಮೇಲೆ ಗೋಡೆಗೆ ಒರಗಿಸಿ ಕೂರಿಸಿದರು. ಅಂಗಡಿಯವನು ನನ್ನನ್ನು ನೋಡಿ, ಇವರಿಗೆ ಕಿವಿ ಕೇಳುತ್ತದೆಯೇ ಎಂದು ಅವಳನ್ನು ಕೇಳಿದ.

“ಕಿವಿ ಸರಿ ಉಂಟು. ಉಪಯೋಗ ಆದದ್ದು ಕಮ್ಮಿ” ಎಂದಳು.

ಅವನು ನಕ್ಕ. ಅವಳು ನಗಲಿಲ್ಲ. ಮೊದಲು ತೋರಿಸಿದ್ದು ಬೆಂಕಿಪೆಟ್ಟಿಗೆಯಷ್ಟಿನ, ಪರದೆಯಿರುವ ಪ್ಲೇಯರ್. ಕಿವಿಗೆ ವಯರು ಸಿಕ್ಕಿಸಿಕೊಂಡು ಕೇಳುವಂಥದ್ದು. ಇವರೊಬ್ಬರೇ ಕೇಳಿದರೆ ಆಗಲಿಕ್ಕಿಲ್ಲ, ತನಗೂ ಕೇಳಬೇಕು ಎಂದು ಅದನ್ನು ಬದಿಗಿಟ್ಟಳು. ಆಮೇಲೆ ಬಂದದ್ದಕ್ಕೆ ಮೊಬೈಲಿನ ಜೊತೆಗಾರಿಕೆ ಬೇಕಿತ್ತು. ಇನ್ನೊಂದರಲ್ಲಿ ಮದುವೆ ಮಂಟಪದ ಹಾಗೆ ಬಣ್ಣಬಣ್ಣದ ಲೈಟು. ಕೊನೆಗೆ ಮೆಮೊರಿ ಕಾರ್ಡ್ ಹಾಕುವ ಎರಡು ಕಪ್ಪು ಪೆಟ್ಟಿಗೆಗಳು ಉಳಿದವು, ಕ್ರಯವೂ ಹೆಚ್ಚುಕಡಿಮೆ ಒಂದೇ. ಬಾವಿಕಟ್ಟೆಯವರೆಗೆ ಕೇಳುತ್ತದೆಯೇ, ಒಮ್ಮೆ ಚಾರ್ಜ್ ಮಾಡಿದರೆ ದಿನವಿಡೀ ಬರುತ್ತದೆಯೇ, ನಿಲ್ಲಿಸಿದರೆ ಪುನಃ ಮೊದಲಿನಿಂದ ಶುರುವಾಗುತ್ತದೆಯೋ ನಿಲ್ಲಿಸಿದಲ್ಲಿಂದಲೋ ಎಂದೆಲ್ಲ ಕೇಳಿದಳು. ಇಷ್ಟು ಪ್ರಶ್ನೆಗಳು ಅವಳ ಹೊಟ್ಟೆಯಲ್ಲಿದ್ದವೆಂದು ನನಗೆ ತಿಳಿದಿರಲಿಲ್ಲ. ನಿಲ್ಲಿಸಿದಲ್ಲಿಂದಲೇ ಎಂದ ಅವನು. ಆಗ ಅವಳು ಎರಡರ ಬಟನ್ನುಗಳನ್ನೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಒಂದರದ್ದು ರಬ್ಬರು, ಮುಟ್ಟಿದರೆ ಸಾಕು. ಇನ್ನೊಂದರದ್ದು ಗಟ್ಟಿ ಪ್ಲಾಸ್ಟಿಕ್ಕು, ಒತ್ತಿದರೆ ಟಕ್ ಎನ್ನುತ್ತಿತ್ತು.

“ಅದು ಸ್ವಲ್ಪ ಗಟ್ಟಿ ಅಮ್ಮ, ಇವರಿಗೆ ಕಷ್ಟ ಆಗ್ತದೆ” ಎಂದು ಅಂಗಡಿಯವನೇ ಹೇಳಿದ.

“ಇರ್ಲಿ” ಎಂದು ಅವಳು ಗಟ್ಟಿಯದನ್ನೇ ಕಟ್ಟಿಸಿಕೊಂಡಳು.

ಕಾಪುವಿಗೆ ಬಂದು ನನ್ನನ್ನು ಜಗಲಿಯ ಆರಾಮಕುರ್ಚಿಯಲ್ಲಿ ಕೂರಿಸಿ, ಪೆಟ್ಟಿಗೆಯನ್ನು ಬಲಬದಿಯ ಕಿಟಕಿಯ ದಂಡೆಯ ಮೇಲಿಟ್ಟಳು. ಎಡಗೈ ಸರಿಯಿದ್ದರೂ ಅಲ್ಲಿಗೆ ಎಟುಕುವುದಿಲ್ಲ, ಮೈ ಆ ಕಡೆಗೆ ತಿರುಗಲು ಒಪ್ಪುವುದಿಲ್ಲ. ಭಜನೆ ಹಾಕುತ್ತಾಳೆ ಅಂದುಕೊಂಡೆ, ಹೆಚ್ಚೆಂದರೆ ಅವಳ ಇಷ್ಟದ ಹಳೆಯ ಸಿನಿಮಾ ಹಾಡು. ಕಪಾಟಿನಿಂದ ಒಂದು ಕಾರ್ಡ್ ತಂದು ತುರುಕಿದಳು. ಚೆಂಡೆಯ ಪೆಟ್ಟು ಬಿತ್ತು, ಹಿಂದೆಯೇ ಒಂದು ಗಂಭೀರ ಸ್ವರ ಸಭೆಯನ್ನು ಸಂಬೋಧಿಸಿತು. ಆ ಸ್ವರ ನನ್ನದು.

ನನ್ನ ತಾಳಮದ್ದಳೆ ಕೂಟಗಳನ್ನೆಲ್ಲ ನಾನೇ ರೆಕಾರ್ಡ್ ಮಾಡಿಸಿಟ್ಟಿದ್ದೆ. ಕಾರ್ಡಿಗೆ ಹಾಕಿಸಿ ನೆಂಟರಿಷ್ಟರಿಗೆಲ್ಲ ಹಂಚಿದ್ದೆ, ಕೇಳಿದವರಿಗೂ ಕೇಳದವರಿಗೂ. ಅದರಲ್ಲಿ ಒಂದು ಪ್ರತಿಯನ್ನು ಇವಳು ಜೋಪಾನ ಮಾಡಿದ್ದಳು! ನನಗೆ ಅಳು ಬಂತು. ಎಂಥ ಹೆಂಡತಿ, ಗಂಡನ ಹೋದ ಮಾತನ್ನು ಗಂಡನ ಮಾತಿನಿಂದಲೇ ಕರೆಯುತ್ತಿದ್ದಾಳೆ ಎಂದು ಮನಸ್ಸಿನಲ್ಲೇ ಕೈಮುಗಿದೆ. ನೆರೆಯವರು ಬಂದು ಕೇಳಿ ಕಣ್ಣೊರೆಸಿಕೊಂಡು, ಇಂಥವಳು ಸಿಗಲು ಪುಣ್ಯ ಬೇಕು ಎಂದು ಹೋದರು. ಊಟದ ಹೊತ್ತಿಗೂ ಅದು ನಿಲ್ಲಲಿಲ್ಲ. ಮರುದಿನ ಕಾಫಿಯೊಂದಿಗೆ ಪುನಃ ಶುರುವಾಯಿತು.

ದಿನವಿಡೀ ನಾನೇ. ಎದುರಾಳಿ ಬಾಯಿ ತೆರೆದರೆ ನಾನು ನಡುವೆ ನುಗ್ಗುತ್ತೇನೆ. ಅವನು “ಹಾಗಲ್ಲ” ಎನ್ನುತ್ತಾನೆ, ನಾನು “ಹೇಗಲ್ಲ” ಎಂದು ಅರ್ಧ ಗಂಟೆ ತೆಗೆದುಕೊಳ್ಳುತ್ತೇನೆ. ವಾದ ಈಗಲೂ ಒಂದನೇ ದರ್ಜೆಯದೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮೃಷ್ಟಾನ್ನವನ್ನೂ ಬಾಯಿಗೆ ತುರುಕಿ ತುರುಕಿ ತಿನ್ನಿಸಿದರೆ ಏನಾಗುತ್ತದೆ? ನಿಲ್ಲಿಸು ಎನ್ನಲು ಬಾಯಿಲ್ಲ, ನಿಲ್ಲಿಸಲು ಕೈಯಿಲ್ಲ. ಗುಡುಗುಡು ಸದ್ದು ಮಾಡಿ ಎಡಗೈ ಬೀಸಿದರೆ ಅವಳು ಬಂದು, ಸ್ವರ ಸಣ್ಣದಾಯಿತೋ ಎಂದು ಇನ್ನೂ ದೊಡ್ಡದು ಮಾಡಿ ಹೋಗುತ್ತಿದ್ದಳು. ಆ ಪೆಟ್ಟಿಗೆಯ ಬಾಯಿ ಮುಚ್ಚಿಸುವುದೊಂದೇ ನನಗೆ ಆಗ ಜೀವನದಲ್ಲಿ ಉಳಿದ ಆಸೆ.

ಅದರಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು. “ಬಾವಿಗೆ ಕೂಗಿದರೆ ಅದಾದರೂ ತಿರುಗಿ ಕೂಗುತ್ತದೆ, ನನ್ನ ಮನೆಯವಳಲ್ಲಿ ಅಷ್ಟು ಮಾತೂ ಇಲ್ಲ.” ಎಲ್ಲಿ ಹೇಳಿದರೂ ಸಭೆ ನಗುತ್ತಿದ್ದ ಮಾತು. ರಾಜನಾಗಲಿ ಮುನಿಯಾಗಲಿ, ಯಾವ ಪಾತ್ರವಿದ್ದರೂ ಸಂದು ನೋಡಿ ತುರುಕುತ್ತಿದ್ದೆ. ಬ್ರಹ್ಮಚಾರಿಯ ಪಾತ್ರದಲ್ಲಿ ಅದನ್ನು ಹೇಳಲು ಸ್ವಲ್ಪ ಚಾತುರ್ಯ ಬೇಕಿತ್ತು; ನನ್ನಲ್ಲಿ ಅದಿತ್ತು. ಹೆಂಗಸರ ಸಾಲಿನಲ್ಲಿ ಅವಳು ಕೂತಿದ್ದರೆ ಜನ ತಿರುಗಿ ಅವಳ ಮುಖ ನೋಡಿ ಇನ್ನೊಮ್ಮೆ ನಗುತ್ತಿದ್ದರು. ಎಲ್ಲಕ್ಕಿಂತ ಜೋರು ನಗು ಬಿದ್ದದ್ದು ಕಾರ್ಕಳದ ಕೂಟದಲ್ಲಿ. ಕಾರ್ಕಳ ಅವಳ ತವರು.

ಈಗ ಆ ಮಾತು ಬರುವ ಹೊತ್ತಿಗೆ ಅವಳು ಅಡುಗೆಮನೆಯಿಂದ ಬಂದು ಬಾಗಿಲ ದಾರಂದಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು. ಕೈಯಲ್ಲಿ ಸೌಟಿದ್ದರೆ ಸೌಟು, ಕತ್ತಿಯಿದ್ದರೆ ಕತ್ತಿ. ಸಭೆಯ ನಗು ಪೂರ್ತಿ ಮುಗಿದ ಮೇಲೆ ತಿರುಗಿ ಒಳಗೆ ಹೋಗುತ್ತಿದ್ದಳು. ಬೈದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಅವಳ ಅಕ್ಕ ಕಾರ್ಕಳದಿಂದ ನನ್ನನ್ನು ನೋಡಲು ಬಂದಳು. ಭಾವ ಎಷ್ಟು ಚಂದ ಮಾತಾಡುತ್ತಿದ್ದರು ಎಂದು ನನ್ನೆದುರಲ್ಲಿ ಮೂಗು ಸೀಟಿದಳು. ಬಾವಿಯ ಮಾತು ಬಂದಾಗ ಕಾಫಿ ಕಪ್ಪು ಕೆಳಗಿಟ್ಟು ತಂಗಿಯ ಮುಖ ನೋಡಿದಳು. ಇಬ್ಬರೂ ಅಡುಗೆಮನೆಗೆ ಹೋದರು, ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ನಗು ಕೇಳಿತು. ಒಂದು ನಗು ಅಕ್ಕನದ್ದು. ಇನ್ನೊಂದನ್ನು ನಾನು ಮೊದಲು ಕೇಳಿದ್ದಿಲ್ಲ, ಲೆಕ್ಕಪ್ರಕಾರ ಅದು ನನ್ನ ಹೆಂಡತಿಯದೇ ಇರಬೇಕು.

ಆ ನಗು ಎಬ್ಬಿಸಿದ ಸಿಟ್ಟೇ ನನಗೆ ಔಷಧವಾಯಿತು. ಬಲಗೈಯನ್ನು ಕುರ್ಚಿಯ ತೋಳಿನ ಮೇಲೆ ಎಳೆದೆಳೆದು ದಂಡೆಗೆ ಏರಿಸಿದೆ. ಬಸವನಹುಳ ಹೋದ ಹಾಗೆ ಹೋಗಿ ಹೆಬ್ಬೆರಳು ಬಟನ್ ಮುಟ್ಟಿತು. ಒತ್ತಿದರೆ ಬಟನ್ ಅಲುಗಲಿಲ್ಲ. ದಿನಾಲೂ ಅದೇ ಕೆಲಸ. ಅವಳು ನೋಡಿಯೂ ನೋಡದ ಹಾಗೆ ಇದ್ದಳು, ಸಹಾಯ ಮಾಡಲಿಲ್ಲ, ತಡೆಯಲೂ ಇಲ್ಲ.

ತಪಾಸಣೆಗೆ ಪುನಃ ಮಣಿಪಾಲಕ್ಕೆ ಹೋದೆವು. ಅಷ್ಟರಲ್ಲಿ ನನಗೆ ಒಂದು ಶಬ್ದ ಬಂದಿತ್ತು, ನೀರು. ಏನು ಹೇಳಹೋದರೂ ನೀರೇ ಬರುತ್ತಿತ್ತು. ಮಾತು ಕಲಿಸುವ ಹುಡುಗಿ, ಅಂಕಲ್ ಏನು ಕೇಳುತ್ತಾರೆ ಎಂದು ವಿಚಾರಿಸಿದಳು. ಅವರದ್ದೇ ಅರ್ಥಗಾರಿಕೆ ಎಂದು ಹೆಂಡತಿ ವಿನಯದಿಂದ ಹೇಳಿದಳು. ಹುಡುಗಿಗೆ ಬಹಳ ಸಂತೋಷವಾಯಿತು.

“ಮೆತ್ತಗಿನ ಬಟನ್ ಇರುವುದನ್ನೇ ನೋಡಿ ಅಂತ ಹೇಳಿದ್ದೆನಲ್ಲ ಅಮ್ಮ, ಸಿಕ್ಕಿತಾ?” ಎಂದು ಕೇಳಿದಳು.

“ಇಲ್ಲ. ಅಂಗಡಿಯಲ್ಲಿ ಇದ್ದದ್ದು ಗಟ್ಟಿಯದ್ದು ಮಾತ್ರ” ಎಂದಳು ನನ್ನ ಹೆಂಡತಿ, ಕಣ್ಣು ಮಿಟುಕಿಸದೆ.

ಸುಳ್ಳು ಎಂದು ಕಿರುಚಿದೆ. “ನೀರು” ಎಂದು ಕೇಳಿತು. ಹುಡುಗಿ ಓಡಿಹೋಗಿ ಲೋಟದಲ್ಲಿ ನೀರು ತಂದಳು. ಆಮೇಲೆ ನನ್ನ ಹೆಬ್ಬೆರಳನ್ನು ಹಿಡಿದು ಒತ್ತಿಸಿ ನೋಡಿ, ಬಲ ಬಂದಿದೆ, ಗಟ್ಟಿ ಬಟನ್ ಆದದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು, ಅಮ್ಮನ ಆರೈಕೆ ದೊಡ್ಡದು ಎಂದು ಹೊಗಳಿದಳು. ಹೊಗಳಿಕೆಯನ್ನು ನನ್ನ ಹೆಂಡತಿ ತಲೆ ತಗ್ಗಿಸಿ ಸ್ವೀಕರಿಸಿದಳು. ಸಭೆಯಲ್ಲಿ ಹಾರ ಹಾಕಿಸಿಕೊಳ್ಳುವಾಗ ನಾನು ಮಾಡುತ್ತಿದ್ದದ್ದು ಹಾಗೆಯೇ. ಎಲ್ಲಿ ಕಲಿತಳೋ.

ಅದಾದ ಕೆಲವು ದಿನಗಳಲ್ಲಿ ಒಂದು ಮಧ್ಯಾಹ್ನ ಕಾರ್ಕಳದ ಕೂಟ ಓಡುತ್ತಿತ್ತು. ಒಳಗಿನಿಂದ ಗುಳ್ಳದ ಹುಳಿಯ ಪರಿಮಳ. ನನ್ನ ಸ್ವರ ಸಭೆಯನ್ನು ಮೆಲ್ಲನೆ ಆ ಮಾತಿನ ಕಡೆಗೆ ನಡೆಸುತ್ತಿತ್ತು, ಜನ ಮೊದಲೇ ಮುಸಿಮುಸಿ ನಗುತ್ತಿದ್ದರು. ಹೆಬ್ಬೆರಳು ಬಟನ್ನಿನ ಮೇಲಿತ್ತು. ಹಲ್ಲು ಕಚ್ಚಿ, ಇಡೀ ಮೈಯನ್ನು ಆ ಒಂದು ಬೆರಳಿಗೆ ತಂದು ಒತ್ತಿದೆ. “ಬಾವಿಗೆ ಕೂಗಿದರೆ” ಎಂದಿತು ಸ್ವರ. ಬಟನ್ ಟಕ್ ಎಂದಿತು.

ಮನೆಯೆಲ್ಲ ನಿಶ್ಶಬ್ದ. ಬಾವಿಕಟ್ಟೆಯ ಹತ್ತಿರ ಕಾಗೆ ಕೂಗಿದ್ದು ಕೇಳಿತು. ನಾನು ಗೆದ್ದಿದ್ದೆ. ಮುಖ ನೆನೆದಿತ್ತು, ಬೆವರೋ ಕಣ್ಣೀರೋ, ಎರಡೂ ಇರಬಹುದು.

ಅವಳು ಆಗಲೇ ಬಾಗಿಲಿಗೆ ಬಂದು ಎಂದಿನಂತೆ ದಾರಂದಕ್ಕೆ ಕೈಯಿಟ್ಟು ನಿಂತಿದ್ದಳು. ನಗುವಿಗೆ ಕಾದಳು, ನಗು ಬರಲಿಲ್ಲ. ಪೆಟ್ಟಿಗೆಯನ್ನು ನೋಡಿದಳು, ನನ್ನ ಹೆಬ್ಬೆರಳನ್ನು ನೋಡಿದಳು. ಹೇಳಿದ್ದು ತುಳುವಿನಲ್ಲಿ, ನಮ್ಮ ಮನೆಮಾತಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಅದರ ಮೊನೆ ಸ್ವಲ್ಪ ಮೊಂಡಾಗುತ್ತದೆ.

“ಬಟನ್ ಸಿಕ್ಕಿತಾ ನಿಮಗೆ? ನಾನು ಇಷ್ಟು ವರ್ಷ ಹುಡುಕಿದೆ, ನಂಗೆ ಸಿಗ್ಲೇ ಇಲ್ಲ ಮಾರಾಯ್ರೆ.”

ನನ್ನಲ್ಲಿ ಉತ್ತರವಿರಲಿಲ್ಲವೆಂದು ಯಾರೂ ತಿಳಿಯಬಾರದು. ಒಂದಲ್ಲ, ಮೂರು ಉತ್ತರಗಳಿದ್ದವು. ಒಂದು ಶಾಸ್ತ್ರದ್ದು, ಒಂದು ಲೋಕದ್ದು, ಮೂರನೆಯದು ಕೇಳಿದವರು ಚಪ್ಪಾಳೆ ತಟ್ಟಲೇಬೇಕಾದಂಥದ್ದು. ಆ ಮೂರನೆಯದನ್ನು ಈಗ ಎಡಗೈಯಲ್ಲಿ ಬರೆಯಬಲ್ಲೆ, ಆದರೆ ಬರೆದ ಮಾತಿಗೆ ಚಪ್ಪಾಳೆಯಿಲ್ಲ. ಗಂಟಲು ಸರಿ ಮಾಡಿಕೊಂಡೆ. ಎದುರಾಳಿಯ ಕಣ್ಣಲ್ಲಿ ಕಣ್ಣಿಟ್ಟೆ, ಸಭೆಯಲ್ಲಿ ಇಡುತ್ತಿದ್ದ ಹಾಗೆ. ಬಾಯಿ ತೆರೆದೆ.

“ನೀರು” ಎಂದೆ.

ತಂದಳು. ತಲೆಯ ಹಿಂದೆ ಕೈಕೊಟ್ಟು ಅವಸರವಿಲ್ಲದೆ ಕುಡಿಸಿದಳು. ಬಾಯಿಯ ಬಲಮೂಲೆಯಿಂದ ಇಳಿದದ್ದನ್ನು ಸೆರಗಿನಲ್ಲಿ ಒರೆಸಿದಳು. ನನ್ನ ಹೆಬ್ಬೆರಳನ್ನು ಮೆಲ್ಲನೆ ಎತ್ತಿ ಕುರ್ಚಿಯ ತೋಳಿನ ಮೇಲಿಟ್ಟಳು. ಅದರಲ್ಲಿ ಇನ್ನೊಂದು ಸಲ ಒತ್ತುವ ಬಲ ಉಳಿದಿರಲಿಲ್ಲ. ಆಮೇಲೆ ತನ್ನ ಹೆಬ್ಬೆರಳಿನಿಂದ ಬಟನ್ ಒತ್ತಿದಳು. ಉಡುಪಿಯ ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ನಿಲ್ಲಿಸಿದಲ್ಲಿಂದಲೇ ಶುರುವಾಯಿತು. “ಅದಾದರೂ ತಿರುಗಿ ಕೂಗುತ್ತದೆ, ನನ್ನ ಮನೆಯವಳಲ್ಲಿ ಅಷ್ಟು ಮಾತೂ ಇಲ್ಲ” ಎಂದು ನನ್ನ ಸ್ವರ ಮಾತನ್ನು ಪೂರ್ತಿ ಮಾಡಿತು, ಕಾರ್ಕಳದವರೆಲ್ಲ ನಕ್ಕರು. ಆ ನಗು ಮುಗಿಯುವವರೆಗೂ ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದು, ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.