ಹತ್ತಿ ಗೋದಾಮಿನ ಮೀನುಮರಿಗಳು

ಆದೋನಿಯ ನಮ್ಮ ಹತ್ತಿ ಗೋದಾಮನ್ನು ಹೋದ ವರ್ಷ ಕೋಳಿ ಆಹಾರದ ವ್ಯಾಪಾರಿಯೊಬ್ಬನಿಗೆ ಬಾಡಿಗೆಗೆ ಕೊಟ್ಟೆವು. ಅವನು ತಂದು ಒಟ್ಟಿದ್ದು ಒಣಮೀನಿನ ಮೂಟೆಗಳನ್ನು. ಮೀನು ಮುಟ್ಟದ ಮನೆ ನಮ್ಮದು. ಆ ನಾತಕ್ಕೆ ಪಿತ್ತ ನೆತ್ತಿಗೇರಿ ಜಗಳಕ್ಕೇ ಹೋದೆ.

ಒಳಗೆ ಒಂದು ಮೂಟೆ ಒಡೆದು ಚೆಲ್ಲಿತ್ತು. ಬೆರಳುದ್ದವೂ ಇಲ್ಲದ ಮೀನುಮರಿಗಳು, ಅಂಗಿಯ ಗುಂಡಿಯಷ್ಟು ಏಡಿಗಳು, ಒಂದು ಕಡಲಕುದುರೆ. ಎಲ್ಲವುಗಳ ಕಣ್ಣೂ ತೆರೆದೇ ಇದ್ದವು.

"ಇವು ಇನ್ನೂ ಕೂಸು ಅದಾವಲ್ಲೋ!" ಎಂದು ಗದರಿದೆ.

"ಸೀಗಡಿಗೆ ಬಿಟ್ಟ ಬಲೆಯಾಗ ಸಿಕ್ಕವುರಿ ಇವು. ಬಲೆ ಕಣ್ಣು ಸಣ್ಣವು, ಸಿಕ್ಕದ್ದೆಲ್ಲ ಬರ್ತಾವ. ತಿನ್ನೋರಿಲ್ಲ, ಪುಡಿ ಮಾಡಿ ಕೋಳಿಗೆ ಹಾಕ್ತೀವಿ," ಎಂದ.

ಆ ವಾರವೇ ದೊಡ್ಡ ಮಳೆ ಬಂದು ಗೋದಾಮು ಸೋರಿತು. ಬೆಳಿಗ್ಗೆ ಅವ್ವನ ಜೊತೆ ಹೋಗಿ ಬಾಗಿಲು ತೆಗೆದೆ. ಒಳಗೆ ನಿಂತ ನೀರಿನಲ್ಲಿ ಮರಿಗಳು ನೆನೆದು ಉಬ್ಬಿದ್ದವು. ಒಣಗಿ ಸೊಟ್ಟಗಾಗಿದ್ದ ಮೈ ನೆಟ್ಟಗಾಗಿತ್ತು. ಬಾಗಿಲು ತೆರೆದದ್ದೇ ನೀರು ಹೊರಗೆ ಹರಿಯತೊಡಗಿತು. ತೇಲುತ್ತಿದ್ದ ಅಷ್ಟೂ ಮರಿಗಳು ಮೆಲ್ಲಗೆ ತಲೆ ತಿರುಗಿಸಿ, ಸಾಲಾಗಿ, ನಮ್ಮತ್ತ ಬಂದವು.

ನಾನು ಬಾಗಿಲಿಗೆ ಅಡ್ಡ ನಿಂತೇ ಇದ್ದೆ. ಹುಟ್ಟಿದಾಗಿನಿಂದ ಕಡಲು ಕಾಣದ ಅವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ಪಕ್ಕಕ್ಕೆ ಸರಿದಳು.

"ದಾರಿ ಬಿಡೋ," ಎಂದಳು, "ಮನಿಗೆ ಹೊಂಟಾವ."